ಗೋಲಿಯ ಹೊಟ್ಟೆಯೊಳಗೆ

“ಇವತ್ತು ಹತ್ತೊಂಬತ್ತು ಕಣೋ” ಎಂದಳು ಅಕ್ಕ. ಫೋನಿನಲ್ಲಿ ಹಲೋ ಅನ್ನುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ನಾಯಿ ಡಾಕ್ಟರನ ಬಾಯಿ ತುಂಬ ಪೇಸ್ಟಿನ ನೊರೆಯಿತ್ತು. ಆ ನೊರೆಯ ನಡುವಿನಿಂದಲೇ ಅವನು ಹ್ಞೂಂಗುಟ್ಟಿದ. “ನಿನ್ನೆ ಹದಿನಾಲ್ಕು, ಇವತ್ತು ಹತ್ತೊಂಬತ್ತು. ಅದರಲ್ಲಿ ಒಂದಕ್ಕೆ ಮೂರೇ ಕಾಲು. ಕುಂಟಿಕೊಂಡು ಎಲ್ಲಿಂದ ಬಂತೋ ಏನೋ, ಪಾಪ, ಅದಕ್ಕೂ ಆಸೆ. ನಿನ್ನ ಭಾವ ಪೇಪರ್ ತರೋಕೆ ಛತ್ರಿ ಹಿಡ್ಕೊಂಡು ಗೇಟಿಗೆ ಹೋಗ್ತಿದಾರೆ, ಯುದ್ಧಕ್ಕೆ ಹೊರಟ ಹಾಗೆ. ನೀನು ಆಪರೇಷನ್ ಮಾಡಿದ ನಾಯಿ ಕಣೋ ಇದು! ಇನ್ನು ಜನ್ಮದಲ್ಲಿ ಬೆದೆಗೆ ಬರಲ್ಲ ಅಂತ ಎದೆ ತಟ್ಕೊಂಡು ಹೇಳಿದ್ದೆ. ಎಲ್ಲಿ, ಈಗ ತಟ್ಕೋ.” ಇಷ್ಟು ಹೇಳಿ, ಅವನು ಉಗಿಯುವಷ್ಟರಲ್ಲಿ ಫೋನ್ ಇಟ್ಟಳು.

ಅಕ್ಕ ಹತ್ತೊಂಬತ್ತು ಎಂದರೆ ಐದು ಎಂದು ತಿಳಿಯಬೇಕು. ಆ ಮನೆತನದಲ್ಲಿ ಇದ್ದದ್ದನ್ನು ಇದ್ದಷ್ಟೇ ಹೇಳಿದವರು ಮೂರು ತಲೆಮಾರಿನಲ್ಲಿ ಒಬ್ಬರೂ ಇಲ್ಲ. ಇದ್ದಿದ್ದರೆ ಅಂಥವರನ್ನು ಮನೆಯೊಳಗೆ ಇಟ್ಟುಕೊಳ್ಳುತ್ತಲೂ ಇರಲಿಲ್ಲ. ಆದರೂ ಐದು ಐದೇ ತಾನೇ, ಎಂದುಕೊಂಡು ಅವನು ಬಾಯಿ ಮುಕ್ಕಳಿಸಿ ಕನ್ನಡಿ ನೋಡಿಕೊಂಡ. ಐದು ಗಂಡುನಾಯಿಗಳು ಹದಿನೈದು ದಿನದಿಂದ ಅನ್ನ ನೀರು ಬಿಟ್ಟು ಒಂದು ಗೇಟಿನ ಮುಂದೆ ಕೂತಿವೆ ಎಂದರೆ ಅವು ಭಾವನ ಮುಖ ನೋಡಲು ಕೂತಿಲ್ಲ. ನಾಯಿಯ ಮೂಗಿಗೆ ಉತ್ಪ್ರೇಕ್ಷೆ ಗೊತ್ತಿಲ್ಲ. ಕನ್ನಡಿಯಲ್ಲಿದ್ದದ್ದು ನಲವತ್ತಾರು ವರ್ಷದ, ಹತ್ತು ಸಾವಿರ ಶಸ್ತ್ರಚಿಕಿತ್ಸೆ ಮಾಡಿದ ಮುಖ. ಕೂತು ಎಣಿಸಿದರೆ ಎರಡು ಸಾವಿರದ ಮುನ್ನೂರು ಆದೀತು, ಆದರೆ ಕೂತು ಎಣಿಸುವಷ್ಟು ಕೆಲಸವಿಲ್ಲದವರು ಯಾರು? ಅವನ ಬೆರಳುಗಳ ಖ್ಯಾತಿಯಂತೂ ಏಳು ಬೀದಿ ದಾಟಿ ಹೋಗಿತ್ತು. ಕಣ್ಣು ಮುಚ್ಚಿ ಹೊಟ್ಟೆ ಸವರಿದರೆ ಸಾಕು, ಎಷ್ಟು ಮರಿ, ಅದರಲ್ಲಿ ಗಂಡೆಷ್ಟು ಹೆಣ್ಣೆಷ್ಟು, ಯಾವುದರ ಕಿವಿ ಜೋಲು ಎಂದು ಹೇಳಿಬಿಡುತ್ತಾನೆ ಎಂಬ ಮಾತಿತ್ತು. ಆ ಮಾತನ್ನು ಹಬ್ಬಿಸಿದವನು ಅವನೇ ಎಂಬುದು ಬೇರೆ ವಿಷಯ. ಆ ಬೆರಳುಗಳು ಈಗ ಟವೆಲು ಹುಡುಕುತ್ತ ಗೋಡೆಯ ಮೇಲೆ ತಡಕಾಡುತ್ತಿದ್ದವು. ಇವತ್ತು ಸಂಜೆಯೊಳಗೆ ಲ್ಯಾಬಿನಿಂದ ಗೋಲಿಯ ರಕ್ತದ ವರದಿ ಬರುವುದಿತ್ತು.

ಗೋಲಿ ಅಕ್ಕನ ಮನೆಯ ನಾಯಿ, ಐದು ವರ್ಷದ್ದು. ಹೆಸರಿಗೆ ತಕ್ಕಂತೆ ಗುಂಡಗೆ, ಉರುಳಿದಲ್ಲಿ ನಿಲ್ಲುವಂಥದ್ದು. ಅಕ್ಕನ ಮಕ್ಕಳಿಬ್ಬರೂ ಹಾಸ್ಟೆಲು ಸೇರಿದ ಮೇಲೆ ಅವಳ ಸೋಫಾದ ಅರ್ಧ ಭಾಗದ ಒಡತಿ. ಮೂರು ವರ್ಷದ ಹಿಂದೆ ಅದಕ್ಕೆ ಮರಿಯಾಗದ ಹಾಗೆ ಆಪರೇಷನ್ ಮಾಡಿದವನು ಅವನೇ. ಎರಡೂ ಅಂಡಾಶಯ, ಗರ್ಭಕೋಶ, ಎಲ್ಲ ತೆಗೆದು ಹಾಕಿದ್ದ. ತೆಗೆದು ಹಾಕಿದ್ದೇನೆ ಎಂದುಕೊಂಡಿದ್ದ. ಈ ಎರಡು ವಾಕ್ಯಗಳ ನಡುವೆ ಎಷ್ಟು ದೂರವಿದೆ ಎಂದು ಅವನು ಹದಿನೈದು ದಿನದಿಂದ ನಡೆದು ನಡೆದು ಅಳೆಯುತ್ತಿದ್ದ. ಅಕ್ಕ ಮೊದಲು ಗೋಲಿಯನ್ನು ಕರೆತಂದಾಗ ಅವನು ನಕ್ಕಿದ್ದ, “ಭ್ರಮೆ ಕಣೇ ನಿಂಗೆ, ತಿಂದು ತಿಂದು ಊದಿದೆ ಅಷ್ಟೆ.” ಬಾಲ ಎತ್ತಿ ನೋಡಿದಾಗ ನಗು ಅರ್ಧಕ್ಕೇ ನಿಂತಿತು. ಬಾತುಕೊಂಡಿತ್ತು, ಬೆದೆಗೆ ಬಂದ ಹೆಣ್ಣಿಗೆ ಬಾತುಕೊಳ್ಳುವ ಹಾಗೆಯೇ. ಹತ್ತಿಯ ಕಡ್ಡಿಯಲ್ಲಿ ಒರೆಸಿ, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ ಜೀವಕೋಶಗಳೆಲ್ಲ ಅಂಚು ಮುದುರಿದ ಒಣಗಿದೆಲೆಗಳ ಹಾಗೆ ಬಿದ್ದಿದ್ದವು. ಹೆಣ್ಣಿನ ಹಾರ್ಮೋನು ಮೈಯಲ್ಲಿ ಹರಿಯದೆ ಜೀವಕೋಶ ಹಾಗೆ ಒಣಗುವುದಿಲ್ಲ. ಹರಿಯುತ್ತಿದೆ ಎಂದರೆ ಎಲ್ಲಿಂದ? ಅಂಡಾಶಯದಿಂದ. ಅಂಡಾಶಯ ಎಲ್ಲಿದೆ? ಅವನು ಕಣ್ಣು ತೆಗೆಯದೆ ಹಾಗೇ ಬಗ್ಗಿದ್ದ. ಬೆನ್ನ ಹಿಂದೆ ಅಕ್ಕ ಕೇಳಿದ್ದಳು, “ಏನೋ ಕಾಣ್ತಿದೆ ಅದರಲ್ಲಿ, ಸಿನಿಮಾನಾ?”

ಮತ್ತೆ ಹೊಟ್ಟೆ ಕೊಯ್ದು ಹುಡುಕುವುದೊಂದು ದಾರಿ. ಕಾಳಿನಷ್ಟು ಚೂರು, ಅದೂ ಎಲ್ಲಿಯೋ ಕೊಬ್ಬಿನಲ್ಲಿ ಹೂತದ್ದು. ಸಿಕ್ಕಿದರೆ ಮಾನ ಹೋಗುತ್ತದೆ, ಸಿಗದಿದ್ದರೆ ನಾಯಿಯೂ ಹೋಗಬಹುದು. ಆಗ ನರ್ಸಮ್ಮ ಹೇಳಿದ್ದಳು. ಹದಿನಾಲ್ಕು ವರ್ಷದಿಂದ ಅವನ ಎದುರು ಟ್ರೇ ಹಿಡಿದು ನಿಂತವಳು, ಅವನ ಎಲ್ಲ ಸುಳ್ಳುಗಳಿಗೂ ಸಾಕ್ಷಿಯಾಗಿ ಒಂದಕ್ಕೂ ಸಹಿ ಹಾಕದವಳು. “ಕೊಯ್ಯೋದು ಆಮೇಲಿದ್ದೇ ಇದೆ ಸರ್. ಮೊದಲು ರಕ್ತ ಕಳಿಸಿ. ಅಂಡಾಶಯ ಬಿಟ್ಟು ಹೆಣ್ಣುನಾಯಿಯ ಮೈಯಲ್ಲಿ ಇನ್ನೆಲ್ಲೂ ಹುಟ್ಟದ ಹಾರ್ಮೋನ್ ಒಂದಿದೆಯಲ್ಲ, ಅದನ್ನ ಅಳೀತಾರೆ. ಚೂರು ಉಳಿದಿದ್ರೂ ರಕ್ತ ಬಾಯಿ ಬಿಡುತ್ತೆ. ಇಲ್ಲ ಅಂದ್ರೆ ಇಲ್ಲ.” ಬೀದಿಯಿಂದ ಹಿಡಿದು ತಂದ ಹೆಣ್ಣುನಾಯಿಗೆ ಮೊದಲೇ ಆಪರೇಷನ್ ಆಗಿದೆಯೋ ಇಲ್ಲವೋ ಎಂದು ಹೊಟ್ಟೆ ಕೊಯ್ಯದೆ ತಿಳಿಯಲು ಆ ಪರೀಕ್ಷೆ ಮಾಡಿಸುತ್ತಾರೆ ಎಂದು ಅವನಿಗೂ ಗೊತ್ತಿತ್ತು. ಆದರೆ ತಾನೇ ಆಪರೇಷನ್ ಮಾಡಿದ ನಾಯಿಗೆ ಆಪರೇಷನ್ ಆಗಿದೆಯೇ ಎಂದು ಬೇರೆ ಊರಿನ ಯಾರನ್ನೋ ಕೇಳುವುದೆಂದರೆ ತನ್ನ ಮದುವೆ ಆಯಿತೇ ಎಂದು ಪೋಸ್ಟ್‌ಮ್ಯಾನನ್ನು ಕೇಳಿದ ಹಾಗೆ. ಆದರೂ ಕಳಿಸಿದ. ಅರ್ಜಿಯಲ್ಲಿ ‘ಶಸ್ತ್ರಚಿಕಿತ್ಸೆ ಮಾಡಿದವರು’ ಎಂಬಲ್ಲಿ ಪೆನ್ನು ಎರಡು ನಿಮಿಷ ನಿಂತಿತು. ಕೊನೆಗೆ ‘ತಿಳಿದಿಲ್ಲ’ ಎಂದು ಬರೆದ.

ಇವತ್ತು ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆಯುವಾಗಲೂ ಆ ‘ತಿಳಿದಿಲ್ಲ’ ಅವನ ಅಂಗಿಯೊಳಗೆ ಇರುವೆಯ ಹಾಗೆ ಓಡಾಡುತ್ತಿತ್ತು. ಎರಡು ಕೋಣೆಯ ಕ್ಲಿನಿಕ್ಕು: ಮುಂದೆ ಬೆಂಚು, ತೂಕದ ಯಂತ್ರ, ಹಲ್ಲುಜ್ಜುವ ನಾಯಿಯ ಚಿತ್ರವಿರುವ ಕ್ಯಾಲೆಂಡರು, ಹಿಂದೆ ಸ್ಟೀಲಿನ ಮೇಜು, ದೀಪ, ಡೆಟಾಲು ವಾಸನೆ. ಮೊದಲು ಬಂದದ್ದು ಒಬ್ಬ ಅಜ್ಜಿಯ ಗಿಳಿ, ಮಾತಾಡುತ್ತಿಲ್ಲ ಎಂಬ ದೂರಿನೊಂದಿಗೆ. ಬೇರೆ ದಿನವಾಗಿದ್ದರೆ ಮೂಗ ಗಿಳಿಯೊಂದಕ್ಕೆ ತಾನು ಹೇಗೆ ನಾಲಿಗೆ ಸರಿಮಾಡಿ ಭಾಷಣ ಮಾಡುವ ಹಾಗೆ ಮಾಡಿದೆ, ಆಮೇಲೆ ಅದನ್ನು ನಿಲ್ಲಿಸಲು ಹೇಗೆ ಇನ್ನೊಂದು ಚಿಕಿತ್ಸೆ ಬೇಕಾಯಿತು ಎಂಬ ಕಥೆ ಹೇಳುತ್ತಿದ್ದ. ಇವತ್ತು ಆ ಕಥೆಗೆ ರಜೆ. ಬೆರಳು ಮುಂದೆ ಚಾಚಿದ. ಏಳು ಬೀದಿಗೆ ಹೆಸರಾದ ಆ ತೋರುಬೆರಳನ್ನು ಗಿಳಿ ಒಂದು ಕಡಲೆಯ ಹಾಗೆ ಕಚ್ಚಿ ಹಿಡಿಯಿತು. “ಅಯ್ಯೋ, ಬಿಡೇ, ದೊಡ್ಡ ಡಾಕ್ಟ್ರು ಅವರು” ಎಂದು ಅಜ್ಜಿ ಗದರಿದಳು. ನರ್ಸಮ್ಮ ನಗದೆ ಬ್ಯಾಂಡೇಜು ತಂದಳು. ನಗದಿದ್ದದ್ದೇ ಅವನಿಗೆ ಹೆಚ್ಚು ಉರಿಯಿತು.

ಬ್ಯಾಂಡೇಜು ಸುತ್ತುವಾಗ ಅವಳ ಕೈ ನೋಡುತ್ತ ಕೂತ. ಮೂರು ವರ್ಷದ ಹಿಂದೆ ಇದೇ ಕೈ ಟ್ರೇ ಚಾಚಿತ್ತು. ಅವರಿಬ್ಬರ ನಡುವೆ ಮಾಡಿಕೊಂಡ ಒಂದು ರೂಢಿಯಿತ್ತು. ಹೊರಗೆ ಬಂದ ಅಂಡಾಶಯ ಕೊಬ್ಬಿನ ಚೀಲದೊಳಗೆ ಅಡಗಿರುತ್ತದೆ. ಹೊಲಿಗೆ ಹಾಕುವ ಮೊದಲು ಆ ಚೀಲವನ್ನು ಟ್ರೇಯಲ್ಲಿ ಕತ್ತರಿಸಿ ಬಿಚ್ಚಿ ನೋಡಬೇಕು. ಅಂಡಾಶಯ ಇಡಿಯಾಗಿ ಇದ್ದರೆ ನರ್ಸಮ್ಮ “ಒಂದು, ಪೂರ್ತಿ” ಅನ್ನುತ್ತಾಳೆ. ಇನ್ನೊಂದು ಬಂದ ಮೇಲೆ “ಎರಡು, ಪೂರ್ತಿ.” ಆಮೇಲೆ ಸೂಜಿ. ಎರಡು ಸಾವಿರದ ಮುನ್ನೂರು ಸಲ ಹಾಗೆ ಆಗಿದೆ, ಒಂದು ಸಲ ಬಿಟ್ಟು. ಆ ದಿನ ಅವನ ಹಳೆಯ ಸಹಪಾಠಿ ಬಂದಿದ್ದ. ಕಾಲೇಜಿನಲ್ಲಿ ಅವನ ಟಿಪ್ಪಣಿ ನಕಲು ಮಾಡಿ ಪಾಸಾದವನು, ಈಗ ನಾಲ್ಕಂತಸ್ತಿನ ಪ್ರಾಣಿ ಆಸ್ಪತ್ರೆಯ ಒಡೆಯ, ಮುಂಗೈಯಲ್ಲಿ ಗೋಡೆಗೆ ನೇತುಹಾಕಬಹುದಾದಷ್ಟು ದೊಡ್ಡ ಚಿನ್ನದ ಗಡಿಯಾರ. “ನಮ್ಮಲ್ಲಿ ಹುಡುಗರು ಹದಿನೈದು ನಿಮಿಷಕ್ಕೆ ಮುಗಿಸ್ತಾರೆ” ಎಂದಿದ್ದ. “ಗಡಿಯಾರ ನೋಡ್ತಿರು” ಎಂದಿದ್ದ ಇವನು. ಮೇಜಿನ ಮೇಲೆ ಗೋಲಿ ಕಾಲು ಚೆಲ್ಲಿ ಮಲಗಿತ್ತು. ಎಂಥ ವೇಗ! ಕೈಗಳು ಕಾಣುತ್ತಲೇ ಇರಲಿಲ್ಲ, ಬರೀ ಗಾಳಿ. “ಚೀಲ ಬಿಚ್ಚಿ ನೋಡೋಣ್ವಾ ಸರ್?” ಎಂದಳು ನರ್ಸಮ್ಮ. “ನನ್ನ ಕೈಗೇ ಕಣ್ಣಿದೆ ನರ್ಸಮ್ಮ, ಹೊಲಿಯೋಣ.” ಹನ್ನೊಂದು ನಿಮಿಷ. ಚಿನ್ನದ ಗಡಿಯಾರದವನು ಹುಬ್ಬು ಏರಿಸಿದ್ದ, ಅಷ್ಟೆ. ಹುಬ್ಬು ಎರಡು ಕೂದಲಿನಷ್ಟು ಮೇಲೆ ಹೋಗಿತ್ತು. ಆ ಎರಡು ಕೂದಲಿಗಾಗಿ. ಟ್ರೇಯಲ್ಲಿದ್ದದ್ದು ಬಿಚ್ಚದೆಯೇ ಕಸದ ಬಕೆಟ್ಟಿಗೆ ಹೋಯಿತು. ಆಮೇಲೆ ಅವನು ಆ ಹನ್ನೊಂದನ್ನು ಎಲ್ಲರಿಗೂ ಒಂಬತ್ತು ಎಂದೇ ಹೇಳುತ್ತ ಬಂದಿದ್ದ.

“ಬಿಗಿ ಆಯ್ತಾ ಸರ್?” ಎಂದಳು ನರ್ಸಮ್ಮ. ಬೆರಳೋ ಎದೆಯೋ, ಅವಳು ಯಾವುದನ್ನು ಕೇಳಿದಳೆಂದು ತಿಳಿಯದೆ ಅವನು ತಲೆಯಾಡಿಸಿದ.

ಫೋನು ದಿನವಿಡೀ ಅವನನ್ನು ಆಡಿಸಿತು. ಟಿಣ್ ಎಂದಾಗಲೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬಂದು ನೋಡುತ್ತಿದ್ದ. ಒಂದು ಸಲ ಹಾಸಿಗೆ ಮಾರುವವರು, ಒಂದು ಸಲ ಬ್ಯಾಂಕಿನವರು, ಒಂದು ಸಲ ಅಕ್ಕ: ಇಪ್ಪತ್ತಮೂರು. ನಾಲ್ಕೂವರೆಗೆ ಒಬ್ಬ ಮೀಸೆಯವನು ತನ್ನ ಬಿಳಿ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದ. ಅದಕ್ಕೂ ಅದೇ ಆಪರೇಷನ್ ಆಗಬೇಕಿತ್ತು. “ನಿಮ್ಮ ಕೈ ಅಂದ್ರೆ ಕೈಯಂತೆ ಸಾರ್. ನಮ್ಮ ಬೀದೀಲಿ ಎಲ್ಲ ಹೇಳ್ತಾರೆ” ಎಂದ. ಬೇರೆ ದಿನವಾಗಿದ್ದರೆ ಈ ಮಾತಿಗೆ ಅವನು ಒಂದು ಅಡಿ ಎತ್ತರವಾಗುತ್ತಿದ್ದ. ಇವತ್ತು ಬ್ಯಾಂಡೇಜಿನ ಬೆರಳನ್ನು ಜೇಬಿಗೆ ತುರುಕಿ, “ಕೂತಿರಿ” ಎಂದ. ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಅದರ ಹಿಂದೆಯೇ ಎರಡು ಗಂಡುನಾಯಿಗಳು ನಾಲಿಗೆ ಚಾಚಿಕೊಂಡು ಬಂದು ನಿಂತವು. ಅಕ್ಕನ ಮನೆಯಿಂದ ಕ್ಲಿನಿಕ್ಕಿಗೆ ನಾಲ್ಕು ಕಿಲೋಮೀಟರು.

ಮೊದಲು ಗೋಲಿ ಬಂತು, ಮದುವಣಗಿತ್ತಿಯ ಗತ್ತಿನಲ್ಲಿ. ಅದರ ಹಿಂದೆ ಅಕ್ಕ, ಅರ್ಧ ತೋಳಿನ ಅಂಗಿ, ಬೆವರಿದ ಹಣೆ. ಅವಳಿಗೆ ಈಚೆಗೆ ಎಲ್ಲಿ ಹೋದರೂ ಸೆಕೆ. ಚಳಿಗಾಲದಲ್ಲೂ ಪೇಪರು ಮಡಿಸಿ ಬೀಸಿಕೊಳ್ಳುತ್ತಿದ್ದಳು. ಅವಳ ಹಿಂದೆ ಭಾವ, ಛತ್ರಿಯನ್ನು ಒಳಗೂ ಬಿಡದೆ. ಭಾವ ನಿವೃತ್ತಿಗೆ ಎರಡು ವರ್ಷ ಬಾಕಿಯಿರುವ ವಿಮಾ ಕಚೇರಿಯವನು. ಇಡೀ ದಿನ ಇನ್ನೊಬ್ಬರ ಅಪಘಾತ ಓದಿ ಓದಿ ಅವನಿಗೆ ಯಾವುದನ್ನು ಕಂಡರೂ ನಗುವ ಅಭ್ಯಾಸವಾಗಿತ್ತು. ಬೆಂಚಿನ ಮೇಲೆ ಬೆಕ್ಕು ತಂದ ಮೀಸೆಯವನ ಪಕ್ಕ ಕೂತು, ಗುರುತಿಲ್ಲದವನಿಗೂ ಕೇಳುವ ಹಾಗೆ ಶುರುಮಾಡಿದ.

“ಏನಯ್ಯಾ ಡಾಕ್ಟ್ರೇ, ಬಂತಾ ತೀರ್ಪು?”

“ಇನ್ನೂ ಇಲ್ಲ ಭಾವ. ಐದಕ್ಕೆ ಬರುತ್ತೆ.”

“ಬೇಗ ಬರಲಪ್ಪ. ನಮ್ಮನೆ ಪರಿಸ್ಥಿತಿ ನೋಡು, ಒಬ್ಬಳಿಗೆ ಎಲ್ಲ ಮುಗಿದು ಕೂತಿದೆ, ಇನ್ನೊಬ್ಬಳಿಗೆ ಈಗ ಹೊಸದಾಗಿ ಶುರುವಾಗಿದೆ. ಇಬ್ಬರ ನಡುವೆ ನಾನು ಛತ್ರಿ ಹಿಡ್ಕೊಂಡು.”

ಮೀಸೆಯವನು ನಕ್ಕ, ನಗಬಾರದಿತ್ತೇನೋ ಎಂದು ಅಕ್ಕನ ಮುಖ ನೋಡಿ ಬೆಕ್ಕಿನ ಬುಟ್ಟಿ ಸರಿಮಾಡಿದ. ಡಾಕ್ಟರನೂ ಅರ್ಧ ನಕ್ಕಿದ್ದ. ಅಕ್ಕ ಯಾವ ಮಾತಿಗೂ ತಿರುಗಿ ಎರಡು ಮಾತು ಕೊಡದೆ ಬಿಟ್ಟವಳಲ್ಲ. ಅವಳ ಬಾಯಿಗೆ ಹೆದರಿ ಬೀದಿಯ ತರಕಾರಿಯವನು ತೂಕ ಸರಿಯಾಗಿ ಹಾಕುತ್ತಿದ್ದ. ಆದರೆ ಈಗ ಅವಳು ಕ್ಯಾಲೆಂಡರಿನ ಹಲ್ಲುಜ್ಜುವ ನಾಯಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಕಿವಿ ಮಾತ್ರ ಕೆಂಪಗೆ. ಈ ಹಾಸ್ಯ ಮೊದಲ ಸಲದ್ದಲ್ಲ, ಹಲವು ಬೆಂಚುಗಳ ಮೇಲೆ, ಹಲವರ ಮುಂದೆ ಉರುಳಿ ಉರುಳಿ ನುಣುಪಾದದ್ದು ಎಂದು ಅವನಿಗೆ ಆಗ ಹೊಳೆಯಿತು.

ಐದಕ್ಕೆ ಹತ್ತು ನಿಮಿಷವಿರುವಾಗ ಫೋನು ಟಿಣ್ ಎಂದಿತು. ಅವನು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ತೆರೆದ. ನರ್ಸಮ್ಮ ಬೆನ್ನ ಹಿಂದೆ ಬಂದು ನಿಂತಳು. ಅಂಕಿಗಳು ಒಂದರ ಮೇಲೊಂದು ಕುಣಿದು ಆಮೇಲೆ ನಿಂತವು. ಹಾರ್ಮೋನಿನ ಪ್ರಮಾಣ: ಅಳತೆಗೆ ಸಿಗದಷ್ಟು ಕಡಿಮೆ. ಅಭಿಪ್ರಾಯ: ಅಂಡಾಶಯದ ಅಂಶ ಇಲ್ಲ, ಶಸ್ತ್ರಚಿಕಿತ್ಸೆ ಪೂರ್ಣವಾಗಿದೆ.

ಪೂರ್ಣ! ಅವನು ಆ ಪದವನ್ನು ಮೂರು ಸಲ ಓದಿದ. ಮೇಜಿನ ದೀಪ ತಾನಾಗಿ ಹತ್ತಿಕೊಂಡಂತೆ, ಕಪಾಟಿನ ಬಾಟಲಿಗಳೆಲ್ಲ ಎದ್ದು ಚಪ್ಪಾಳೆ ತಟ್ಟಿದಂತೆ. ಹನ್ನೊಂದು ನಿಮಿಷದಲ್ಲಿ, ನೋಡದೆ, ಚೂರೂ ಬಿಡದೆ! ಇಂಥ ಕೈ ಭೂಮಿಯ ಮೇಲೆ ಇನ್ನೊಂದಿದ್ದರೆ ತೋರಿಸಿ. “ನೋಡಿದ್ರಾ ನರ್ಸಮ್ಮ? ಕೈಗೆ ಕಣ್ಣಿದೆ ಅಂದಿದ್ನೋ ಇಲ್ವೋ? ಇದನ್ನ ಫ್ರೇಮ್ ಹಾಕಿಸ್ತೀನಿ. ದೊಡ್ಡ ಅಕ್ಷರದಲ್ಲಿ ಮಾಡಿಸಿ ಮುಂದಿನ ಗೋಡೆಗೆ.” ಹೇಳುತ್ತಿರುವಾಗಲೇ ಒಳಗೆ ಏನೋ ಒಂದು, ನೊಣದಷ್ಟು ಸಣ್ಣದು, ಗುಂಯ್‌ಗುಟ್ಟಿತು. ಹೊಟ್ಟೆ ಖಾಲಿಯಿದೆ ಎಂದಷ್ಟೇ ಕಾಗದ ಹೇಳುತ್ತದೆ. ನೀನು ನೋಡಿದೆ ಎಂದು ಅದರಲ್ಲಿ ಎಲ್ಲಿ ಬರೆದಿದೆ? ಅವನು ನೊಣವನ್ನು ಅಟ್ಟಿದ.

“ಕೆಳಗೂ ಏನೋ ಬರೆದಿದಾರೆ ಸರ್” ಎಂದಳು ನರ್ಸಮ್ಮ.

ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ಅಂಡಾಶಯವಿಲ್ಲದೆಯೂ ಬೆದೆಯ ಲಕ್ಷಣಗಳು ಕಂಡರೆ, ಮನೆಯವರು ಯಾರಾದರೂ ಚರ್ಮಕ್ಕೆ ಹಚ್ಚುವ, ಹೆಣ್ಣಿನ ಹಾರ್ಮೋನಿರುವ ಕ್ರೀಮು, ಜೆಲ್ಲು ಬಳಸುತ್ತಿದ್ದಾರೆಯೇ ವಿಚಾರಿಸುವುದು. ನಾಯಿ ನೆಕ್ಕುವುದರಿಂದ ಹೀಗಾಗಬಹುದು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನರ್ಸಮ್ಮ ಬಾಗಿಲು ತೆರೆದು, “ಅಕ್ಕಾವ್ರೇ, ಗೋಲೀನ ಸ್ವಲ್ಪ ಹಿಡ್ಕೋಬೇಕು, ಒಳಗೆ ಬನ್ನಿ” ಎಂದಳು. “ನಾನೂ ಬರ್ಲಾ?” ಎಂದ ಭಾವನಿಗೆ “ಜಾಗ ಇಲ್ಲ ಸರ್” ಎಂದು ಬಾಗಿಲು ಹಾಕಿದಳು. ಹದಿನಾಲ್ಕು ವರ್ಷದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

ಅಕ್ಕ ಗೋಲಿಯನ್ನು ಮೇಜಿನ ಮೇಲೆ ಎತ್ತಿ ಕೂರಿಸಿ, ಅದರ ಕತ್ತಿನ ಸುತ್ತ ತೋಳು ಹಾಕಿ ನಿಂತಳು. ಗೋಲಿ ತಕ್ಷಣ ಅವಳ ಮುಂಗೈಯಿಂದ ಮೊಣಕೈವರೆಗೆ, ಆಮೇಲೆ ಮೊಣಕೈಯಿಂದ ಮುಂಗೈವರೆಗೆ ಕ್ರಮವಾಗಿ, ಬಣ್ಣ ಬಳಿಯುವವನ ಶ್ರದ್ಧೆಯಲ್ಲಿ ನೆಕ್ಕತೊಡಗಿತು. ಮೂವರೂ ಅದನ್ನೇ ನೋಡಿದರು.

“ಅಕ್ಕಾ,” ಎಂದ ಅವನು. “ತೋಳಿಗೆ ಏನಾದ್ರೂ ಹಚ್ಕೋತೀಯಾ?”

“ಏನು ಹಚ್ಕೋತಾರೆ? ಸೋಪು.”

“ಅಲ್ಲ. ಡಾಕ್ಟ್ರು ಕೊಟ್ಟಿದ್ದು ಏನಾದ್ರೂ. ಹೆಂಗಸರ ಡಾಕ್ಟ್ರು.”

ಅಕ್ಕನ ಬಾಯಿ ತೆರೆಯಿತು. ಎರಡು ಸೆಕೆಂಡು ಅದರಿಂದ ಏನೂ ಬರಲಿಲ್ಲ. ನಲವತ್ತಾರು ವರ್ಷದಲ್ಲಿ ಅವನು ಅಂಥ ಎರಡು ಸೆಕೆಂಡನ್ನು ಕಂಡಿರಲಿಲ್ಲ. ಅವಳು ಮೆಲ್ಲಗೆ ತೋಳನ್ನು ನಾಯಿಯ ಬಾಯಿಂದ ಎಳೆದುಕೊಂಡು, ಬೆನ್ನ ಹಿಂದೆ ಮಡಚಿದಳು. ಚಾಕೊಲೇಟು ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ. “ಎರಡು ತಿಂಗಳಾಯ್ತು” ಎಂದಳು, ತನ್ನದಲ್ಲದ ದನಿಯಲ್ಲಿ. “ಮಲಗಿದ್ರೆ ಮೈಯೆಲ್ಲ ಬೆಂಕಿ ಕಣೋ. ಹಾಸಿಗೆ ಒದ್ದೆ ಆಗಿಬಿಡುತ್ತೆ. ಕಾರಣ ಇಲ್ದೆ ಅಳು. ಆ ಲೇಡಿ ಡಾಕ್ಟ್ರು ಒಂದು ಜೆಲ್ ಕೊಟ್ರು, ತೋಳಿಗೆ ಹಚ್ಚಿ ಅಂತ. ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದೀನಿ. ನಿನ್ನ ಭಾವಂಗೆ ಗೊತ್ತಿಲ್ಲ. ಗೊತ್ತಾದ್ರೆ…” ಅವಳು ಬಾಗಿಲ ಕಡೆ ನೋಡಿದಳು. “ಅವರ ಆಫೀಸು, ಅವರ ತಂಗೀರು, ಬೆಂಚಿನ ಮೇಲೆ ಕೂತವರು, ಎಲ್ಲರಿಗೂ ಹೇಳ್ಕೊಂಡು ನಗ್ತಾರೆ. ನಗಿಸೋಕ್ಕೇ ಹೇಳ್ತಾರೆ, ಕೆಟ್ಟೋರಲ್ಲ. ಆದ್ರೂ.” ಆಮೇಲೆ ಒಂದು ಉಸಿರು ಬಿಟ್ಟು, “ಇವಳಿಗೆ ಏನಾದ್ರೂ ಆಗೋಯ್ತಾ ನನ್ನಿಂದ?” ಎಂದಳು.

“ಏನೂ ಆಗಲ್ಲ ಅಕ್ಕಾವ್ರೇ, ನೆಕ್ಕೋದು ನಿಂತ್ರೆ ತಾನಾಗಿ ಇಳಿಯುತ್ತೆ. ತೋಳಿಗೆ ಬೇಡ, ಬಟ್ಟೆ ಮುಚ್ಚೋ ಜಾಗಕ್ಕೆ ಹಚ್ಬಹುದಾ ಅಂತ ನಿಮ್ಮ ಡಾಕ್ಟ್ರನ್ನ ಕೇಳಿ. ಕೈ ತೊಳೀರಿ” ಎಂದಳು ನರ್ಸಮ್ಮ, ಯಾರೋ ಇನ್ನೊಬ್ಬರ ವಿಷಯ ಹೇಳುವವಳ ಹಾಗೆ.

ಅವನ ಕೈಯಲ್ಲಿ ಫೋನು ಇನ್ನೂ ಬೆಳಗುತ್ತಿತ್ತು. ಹೊರಗೆ ಹೋಗಿ ಇದನ್ನು ಓದಿದರೆ ಮುಗಿಯಿತು: ಡಾಕ್ಟರನ ತಪ್ಪು ಎಳ್ಳಷ್ಟೂ ಇಲ್ಲ. ಆದರೆ ಭಾವ ವಿಮೆಯವನು. ಹಾಗಾದರೆ ಬೆದೆ ಎಲ್ಲಿಂದ ಬಂತು ಎಂದು ಕೇಳದೆ ಬಿಡುವವನಲ್ಲ. ಸುಟ್ಟ ಮನೆಯಲ್ಲಿ ಬೆಂಕಿಕಡ್ಡಿ ಹುಡುಕಿ ಸಂಬಳ ತೆಗೆದುಕೊಂಡವನು. ಹದಿನೈದು ದಿನ ಈ ಅಕ್ಕ ಬೆಳಿಗ್ಗೆ ಬೆಳಿಗ್ಗೆ ಫೋನು ಮಾಡಿ ಅವನ ಮಾನವನ್ನು ನಾಯಿಗಳ ಲೆಕ್ಕದಲ್ಲಿ ಹರಾಜು ಹಾಕಿದ್ದಳಲ್ಲವೇ? ಒಂದು ಸಲ, ಒಂದೇ ಒಂದು ಸಲ ಅವಳ ಮೇಲೆ ಗೆಲ್ಲುವುದು ಎಷ್ಟು ಸಿಹಿ ಇರಬಹುದು! ಅವನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟ. ಹಿಡಿ ತಣ್ಣಗಿತ್ತು, ಹಳೆಯ ಮನೆಯ ಬಾಗಿಲಿನ ಹಿತ್ತಾಳೆಯ ಹಿಡಿಯ ಹಾಗೆ. ಮೂವತ್ತೇಳು ವರ್ಷದ ಹಿಂದೆ ಅದರ ಈಚೆ, ನಡುಮನೆಯ ಪರದೆಯ ಹಿಂದೆ, ಒಂಬತ್ತು ವರ್ಷದ ಅವನು ಉಸಿರು ಬಿಗಿಹಿಡಿದು ನಿಂತಿದ್ದಾನೆ, ಬಾಗಿಲಲ್ಲಿ ಮೇಷ್ಟ್ರು. ನಮ್ಮಪ್ಪನ ಹತ್ತಿರ ಹಡಗಿದೆ ಎಂದು ಅವನು ಕ್ಲಾಸಿನಲ್ಲಿ ಹೇಳಿದ್ದ. ಮೂರು ಅಂತಸ್ತಿನದು, ಮೇಲೆ ಆಟದ ಮೈದಾನ. ಮೇಷ್ಟ್ರು ಮಕ್ಕಳನ್ನೆಲ್ಲ ಹಡಗು ತೋರಿಸಲು ಕರೆದುಕೊಂಡು ಹೋಗಬಹುದೇ ಎಂದು ಕೇಳಲು ಬಂದಿದ್ದರು. ಅಪ್ಪ ಅಮ್ಮ ಮನೆಯಲ್ಲಿಲ್ಲ. ಹದಿನಾರರ ಅಕ್ಕ, ಎರಡು ಜಡೆ, ಒದ್ದೆ ಕೈ, ಬಾಗಿಲ ಹಿಡಿ ಹಿಡಿದುಕೊಂಡು, ಕಣ್ಣು ಮಿಟುಕಿಸದೆ ಹೇಳುತ್ತಾಳೆ: “ಇತ್ತು ಸರ್. ಹೋದ ವಾರ ಮಾರಿಬಿಟ್ವಿ. ಮನೇಲಿ ಎಲ್ಲರಿಗೂ ಬೇಜಾರು, ಅವನ ಮುಂದೆ ಆ ಮಾತು ಎತ್ತಬೇಡಿ.” ಬಾಗಿಲು ಹಾಕಿ, ಪರದೆ ಸರಿಸಿ, ಎರಡು ಕೆನ್ನೆಗೂ ಒಂದೊಂದು ಬಾರಿಸಿದ್ದಳು. ಮೇಷ್ಟ್ರು ವರ್ಷವಿಡೀ ಅವನನ್ನು ಹಡಗು ಕಳೆದುಕೊಂಡವನೆಂದು ಕನಿಕರದಿಂದ ನೋಡಿದರು.

ಬಾಗಿಲು ತೆರೆದಾಗ ಭಾವ ಛತ್ರಿಯ ಮೇಲೆ ಗಲ್ಲವಿಟ್ಟು ಕೂತಿದ್ದ.

“ಏನಯ್ಯಾ?”

“ತಪ್ಪು ನಂದೇ ಭಾವ. ಆಪರೇಷನ್ ಪೂರ್ತಿ ಆಗಿಲ್ಲ. ಒಳಗೆ ಚೂರು ಬಿಟ್ಟಿದೀನಿ.”

ಮೀಸೆಯವನು ಬೆಕ್ಕಿನ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡ. ಒಳಗಿನಿಂದ ನರ್ಸಮ್ಮನ ಕೈಯ ಕತ್ತರಿಯೊಂದು ಟ್ರೇಗೆ ಬಿದ್ದ ಸದ್ದು ಬಂತು.

“ಚೂರು ಅಂದ್ರೆ ಎಷ್ಟಯ್ಯಾ?”

ಇಲ್ಲಿ ಅವನು ಸಾಸಿವೆ ಎನ್ನಬಹುದಿತ್ತು. ಅಷ್ಟು ಸಾಕಾಗಿತ್ತು. ಆದರೆ ನಾಲಿಗೆಗೆ ಅದರದೇ ಒಂದು ಹಠವಿತ್ತು. ನಲವತ್ತಾರು ವರ್ಷ ಅದು ಯಾವುದನ್ನೂ ಸಾಸಿವೆಯಷ್ಟು ಎಂದು ಹೇಳಿದ್ದಿಲ್ಲ. “ನಿಂಬೆಹಣ್ಣಿನಷ್ಟು” ಎಂದ.

“ನಿಂಬೆಹಣ್ಣು!” ಭಾವ ಎದ್ದೇ ನಿಂತ. ಗೋಲಿಯ ಗಾತ್ರದ ನಾಯಿಯ ಇಡೀ ಅಂಡಾಶಯ ಹುರುಳಿಕಾಯಿಯ ಬೀಜದಷ್ಟಿರುತ್ತದೆ ಎಂದು ಆ ಕೋಣೆಯಲ್ಲಿ ಅವನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. “ಅಷ್ಟು ದೊಡ್ಡದು ನಿನ್ನ ಕಣ್ಣಿಗೆ ಬೀಳ್ಲಿಲ್ವಾ ಮಾರಾಯಾ?”

“ನೋಡ್ಲಿಲ್ಲ ಭಾವ.”

ಆ ಮಾತು ಬಾಯಿಂದ ಹೊರಬಿದ್ದ ರೀತಿಗೆ ಅವನೇ ಬೆಚ್ಚಿದ. ಬೇರೆಯವೆಲ್ಲ ಉಬ್ಬಿ, ಹಾರಿ, ತಲೆಯ ಮೇಲೆ ತೇಲುವ ಮಾತುಗಳು. ಇದು ಮಾತ್ರ ಕಲ್ಲಿನ ಹಾಗೆ ನೇರ ಕೆಳಗೆ ಬಿದ್ದು, ಬಿದ್ದಲ್ಲೇ ಕೂತಿತು. ಮೂರು ವರ್ಷದಿಂದ ಅವನು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದನೇನೋ. “ನೋಡಬೇಕಿತ್ತು. ನರ್ಸಮ್ಮ ಹೇಳಿದ್ರು, ನೋಡೋಣ ಅಂತ. ಅವಸರದಲ್ಲಿದ್ದೆ. ನೋಡ್ಲಿಲ್ಲ.” ಬಾಗಿಲಲ್ಲಿ ನರ್ಸಮ್ಮ ಬಂದು ನಿಂತಿದ್ದಳು. ಅವಳು ಅವನನ್ನು ನೋಡಿದ ನೋಟದಲ್ಲಿ ಬೈಗುಳವೂ ಇರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. ಒಂದು ಬಾಕಿ ಹೊಲಿಗೆ ಬಿದ್ದದ್ದನ್ನು ಕಂಡವಳ ಹಾಗೆ ತಲೆಯಾಡಿಸಿದಳು.

“ಮತ್ತೆ ಕೊಯ್ಬೇಕಾ?” ಎಂದ ಭಾವ, ಈಗ ನಗದೆ.

“ಬೇಡ. ಮಾತ್ರೆ ಕೊಡ್ತೀನಿ, ಇಪ್ಪತ್ತು ದಿನ. ಕರಗಿ ನೀರಾಗುತ್ತೆ.” ಅವನು ಕಪಾಟಿನಿಂದ, ನಾಯಿಯ ರೋಮ ಮಿರುಗಿಸುವುದನ್ನು ಬಿಟ್ಟರೆ ಇನ್ನೇನೂ ಮಾಡದ ಒಂದು ವಿಟಮಿನ್ ಬಾಟಲಿ ತೆಗೆದು ಅಕ್ಕನ ಕೈಯಲ್ಲಿಟ್ಟ. ಅಕ್ಕ ತೋಳುಗಳ ಮೇಲೆ ಶಾಲು ಹೊದ್ದಿದ್ದಳು, ನರ್ಸಮ್ಮನದು. ಆ ಶಾಲಿನೊಳಗಿಂದ ಕೈ ಹೊರಬಂದು ಬಾಟಲಿ ತೆಗೆದುಕೊಂಡಿತು. ಅವಳ ಕಣ್ಣು ಅವನ ಮುಖದ ಮೇಲೆ ಒಂದು ಕ್ಷಣ ನಿಂತಿತು. ಏನೋ ಹೇಳುತ್ತಾಳೆ ಎಂದುಕೊಂಡ. ಹೇಳಿದಳು.

“ಥೂ ನಿನ್ನ! ಡಾಕ್ಟ್ರಂತೆ ಡಾಕ್ಟ್ರು. ನಿಂಬೆಹಣ್ಣು ಬಿಟ್ಟಿದಾನೆ ನನ್ನ ಮಗೂ ಹೊಟ್ಟೇಲಿ!”

ಕಾರು ಹೊರಟಿತು, ಗಂಡುನಾಯಿಗಳೆರಡೂ ಅದರ ಹಿಂದೆ ಓಡಿದವು. ಮೀಸೆಯವನು ಎದ್ದು ನಿಂತು, ಬುಟ್ಟಿಯ ಮುಚ್ಚಳ ಎರಡೆರಡು ಸಲ ಸರಿಮಾಡಿ, “ಇವಳ ಮೈ ಯಾಕೋ ಇವತ್ತು ಸ್ವಲ್ಪ ಬೆಚ್ಚಗಿದೆ ಸಾರ್. ಇನ್ನೊಂದಿನ ಬರ್ತೀನಿ” ಎಂದು ಗೋಡೆಯ ಜೊತೆ ಮಾತಾಡುವವನ ಹಾಗೆ ಹೇಳಿ ಹೋದ. ಆ ಇನ್ನೊಂದು ದಿನ ಯಾವ ಕ್ಯಾಲೆಂಡರಿನಲ್ಲೂ ಇಲ್ಲವೆಂದು ಅವನಿಗೆ ತಿಳಿದಿತ್ತು. ನಾಳೆ ಬೆಳಗಾಗುವಷ್ಟರಲ್ಲಿ ಏಳು ಬೀದಿಯೂ ನಿಂಬೆಹಣ್ಣಿನ ವಾಸನೆ ಹೊಡೆಯುತ್ತದೆ. ಅವನು ಬೆಂಚಿನ ಮೇಲೆ ಕೂತು ಫೋನು ತೆರೆದು ಮತ್ತೆ ಓದಿದ: ಶಸ್ತ್ರಚಿಕಿತ್ಸೆ ಪೂರ್ಣವಾಗಿದೆ. ಬದುಕಿನಲ್ಲಿ ಮೊದಲ ಸಲ ಬೇರೆ ಊರಿನವರು, ಗುರುತಿಲ್ಲದವರು, ಅವನನ್ನು ಹೊಗಳಿ ಬರೆದುಕೊಟ್ಟಿದ್ದಾರೆ. ಒಂದಕ್ಷರವೂ ಉಬ್ಬಿಸಬೇಕಾಗಿಲ್ಲ, ಇದ್ದದ್ದು ಇದ್ದಷ್ಟೇ. ತೋರಿಸಲು ಒಬ್ಬರೂ ಇಲ್ಲ. ನರ್ಸಮ್ಮ ನೆಲ ಒರೆಸುತ್ತ, “ಕಾಲೆತ್ತಿ ಸರ್” ಎಂದಳು. ಎತ್ತಿದ.

ಆರೂಕಾಲಿಗೆ, ಷಟರು ಎಳೆಯುವ ಹೊತ್ತಿಗೆ ಫೋನು ಬಂತು. ಬೇರೆ ಊರಿನ ದೊಡ್ಡಮ್ಮ. ಎಂಬತ್ತೆರಡು ವಯಸ್ಸು, ಕಿವಿ ಮಂದ, ಆದ್ದರಿಂದ ಇಡೀ ಬೀದಿಗೆ ಕೇಳುವ ಹಾಗೆ ಮಾತಾಡುತ್ತಾಳೆ.

“ಏನೋ ಇದು? ಈಗ ನಿಮ್ಮಕ್ಕ ಫೋನ್ ಮಾಡಿದ್ಲು. ಆ ಮೂಕಪ್ರಾಣಿ ಹೊಟ್ಟೇಲಿ ಕುಂಬಳಕಾಯಿಯಷ್ಟು ದೊಡ್ಡದು ಬಿಟ್ಟು ಹೊಲಿದುಬಿಟ್ಟಿದ್ಯಂತೆ?”

ಒಂದೂಕಾಲು ಗಂಟೆಯಲ್ಲಿ ನಿಂಬೆಹಣ್ಣು ಕುಂಬಳಕಾಯಿಯಾಗಿತ್ತು. ಎಂಥ ಕೃತಘ್ನ ಹೆಂಗಸು! ಎಂಥ ಬಾಯಿ! ಅವಳು ಫೋನು ಹಿಡಿದು, ಸೋಫಾದ ಮೇಲೆ ಕಾಲು ಮಡಚಿ ಕೂತು, ಕೈ ಅಗಲಿಸಿ ಅಗಲಿಸಿ ಆ ಕುಂಬಳಕಾಯಿಯನ್ನು ಬೆಳೆಸುತ್ತಿರುವುದು, ಪಕ್ಕದಲ್ಲಿ ಭಾವ ಅವಳ ಮಾತಿಗೆ ಹೊಟ್ಟೆ ಹಿಡಿದು ನಗುತ್ತಿರುವುದು, ಆ ನಗೆ ಈ ಸಲ ಅವಳ ಮೇಲೆ ಬೀಳದೆ ನಾಲ್ಕು ಕಿಲೋಮೀಟರು ದಾಟಿ ಇತ್ತ ಬರುತ್ತಿರುವುದು, ಎಲ್ಲ ಕಣ್ಣಿಗೆ ಕಟ್ಟಿತು. ಅವಳ ದನಿ ಅವಳಿಗೆ ವಾಪಸು ಬಂದಿದೆ ಎಂದುಕೊಂಡ. ನರ್ಸಮ್ಮ ಬೀಗ ಹಿಡಿದು ಕಾಯುತ್ತಿದ್ದಳು.

“ನಿಜವೇನೋ?” ಎಂದು ಕೂಗಿದಳು ದೊಡ್ಡಮ್ಮ. “ಕುಂಬಳಕಾಯಿಯಷ್ಟು?”

“ಒಂದಲ್ಲ ದೊಡ್ಡಮ್ಮ,” ಎಂದ ಅವನು, ಬೀದಿಗೆಲ್ಲ ಕೇಳುವ ಹಾಗೆ, “ಎರಡು.”